ಸ್ವಲ್ಪ ಗಾಳಿ ಸೋರಲಿ

ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟ ಕನ್ನಡಿಗ ಏರಿಗಿಂತ ಚಳಿಗೇ ಹೆಚ್ಚು ಹೆದರುತ್ತಾನೆ. ಏರು ಅವನಿಗೆ ಹೊಸದಲ್ಲ. ಕುಮಾರಪರ್ವತವೋ ತಡಿಯಂಡಮೋಳೋ ಅದರ ಪಾಠ ಮಾಡಿ ಕಳಿಸಿರುತ್ತದೆ. ಸೊನ್ನೆ ಡಿಗ್ರಿಯನ್ನು ಮಾತ್ರ ಫ್ರಿಜ್ಜಿನ ಮೇಲ್ಖಾನೆ ಬಿಟ್ಟರೆ ಇನ್ನೆಲ್ಲೂ ಕಂಡಿರುವುದಿಲ್ಲ. ಹಾಗಾಗಿ ಜಾಕೆಟ್ ಕೊಳ್ಳಲು ಹೋದಾಗ ಆಯ್ಕೆಯನ್ನು ಭಯದ ಕೈಗೆ ಒಪ್ಪಿಸಿಬಿಡುತ್ತಾನೆ. ಭಯ ಫಸ್ಟ್ ಕ್ಲಾಸಿಗೆ ತೃಪ್ತಿಪಡುವ ಪೈಕಿ ಅಲ್ಲ, ಅದಕ್ಕೆ ನೂರಕ್ಕೆ ನೂರು ಬೇಕು. ಅಂಗಡಿಯಲ್ಲಿ ಸಾಫ್ಟ್‌ಶೆಲ್ ಎಂಬ ಮೆತ್ತನೆಯ, ಹಿಗ್ಗುವ ಬಗೆಯ ಎರಡು ಜಾಕೆಟ್‌ಗಳು ಅಕ್ಕಪಕ್ಕ ತೂಗುತ್ತಿರುತ್ತವೆ. ಒಂದರ ಚೀಟಿಯಲ್ಲಿ ಗಾಳಿಯನ್ನು ಪೂರ್ತಿ ತಡೆಯುತ್ತದೆ ಎಂಬ ಭರವಸೆ. ಇನ್ನೊಂದರಲ್ಲಿ ಬಹುಮಟ್ಟಿಗೆ ತಡೆಯುತ್ತದೆ ಎಂಬ ಸಂಕೋಚದ ಮಾತು. ಕೈ ತಾನಾಗಿ ಮೊದಲನೆಯದಕ್ಕೆ ಹೋಗುತ್ತದೆ, ಸೇಲ್ಸ್‌ಮನ್ ಕೂಡ ತಲೆಯಾಡಿಸುತ್ತಾನೆ. ಬೆಟ್ಟ ಹತ್ತುವವನಿಗೆ ಆ ಎರಡನೆಯ, ಸಂಕೋಚದ ಜಾಕೆಟ್ಟೇ ಮೇಲು ಎಂಬುದು ನನ್ನ ವಾದ. ಸ್ವಲ್ಪ ಗಾಳಿ ಸೋರುವುದು ಅದರ ಐಬಲ್ಲ, ಅದರ ಕಸುಬು.

ಹಾಗೆಂದು ಗಾಳಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ನಮ್ಮ ಮೈಯನ್ನು ಬೆಚ್ಚಗಿಡುವುದು ಬಟ್ಟೆಯೊಂದೇ ಅಲ್ಲ, ಬಟ್ಟೆಯ ನೂಲುಗಳ ನಡುವೆಯೂ ಚರ್ಮದ ಮೇಲೂ ಅಲುಗಾಡದೆ ನಿಂತ ತೆಳು ಗಾಳಿಪದರವೂ ಹೌದು. ಬೀಸುಗಾಳಿ ಈ ಪದರವನ್ನು ಕಿತ್ತೊಯ್ಯುತ್ತದೆ; ಮೈ ಇನ್ನೊಂದನ್ನು ಕಾಯಿಸಿಕೊಳ್ಳುವಷ್ಟರಲ್ಲಿ ಅದನ್ನೂ ಒಯ್ಯುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಸಂಶೋಧಕರು 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಗಾಳಿಚಳಿಯ, ಅಂದರೆ ವಿಂಡ್‌ಚಿಲ್‌ನ ಲೆಕ್ಕ ಹುಟ್ಟಿದ್ದು ಅಲ್ಲಿ. ಅಮೆರಿಕ, ಕೆನಡಾಗಳು 2001ರಲ್ಲಿ ಒಪ್ಪಿಕೊಂಡ ಹೊಸ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈನಸ್ 6ರಂತೆ ಅನ್ನಿಸುತ್ತದೆ. ಮೈನಸ್ 5 ಇದ್ದು ಅದೇ ಗಾಳಿ ಬೀಸಿದರೆ ಮೈನಸ್ 13ರಂತೆ. ಭಯ ಹುಟ್ಟಿಸುವ ಅಂಕಿಗಳೇ ಹೌದು. ಆದರೆ ಈ ಲೆಕ್ಕದೊಳಗೆ ಒಂದು ಷರತ್ತು ಅಡಗಿದೆ: ಸೂತ್ರ ಮಾತಾಡುವುದು ಬರಿಮುಖದ ಚರ್ಮದ ವಿಷಯ, ಬಟ್ಟೆ ತೊಟ್ಟ ಎದೆಬೆನ್ನುಗಳ ವಿಷಯವಲ್ಲ. ಒತ್ತಾಗಿ ನೇಯ್ದ ಒಂದು ತೆಳು ಬಟ್ಟೆ ಅಡ್ಡ ಬಂದರೂ ಸಾಕು, ಗಾಳಿಯ ಹಾವಳಿಯ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಉಳಿದ ಚೂರುಪಾರನ್ನೂ ತಡೆಯಲೇಬೇಕೆಂದು ಹಟ ಹಿಡಿದಾಗ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದೇ ಪ್ರಶ್ನೆ.

ಆ ಬೆಲೆಯನ್ನು ವಸೂಲಿ ಮಾಡುವುದು ಹೊರಗಿನ ಗಾಳಿಯಲ್ಲ, ಒಳಗಿನ ಬೆವರು. ಸುಮ್ಮನೆ ಕೂತ ದೇಹ ಸುಮಾರು 100 ವಾಟ್ ಶಾಖ ಹೊರಡಿಸುತ್ತದೆ. ಹೊರೆ ಹೊತ್ತು ಏರು ಹತ್ತುವಾಗ ಅದು ಐದಾರು ಪಟ್ಟಾಗುತ್ತದೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ನಮ್ಮನ್ನು ಮೇಲಕ್ಕೆತ್ತುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಬಿಸಿಯನ್ನು ಹೊರಹಾಕಲು ದೇಹ ಬೆವರುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲಿಂದ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಆ ಆವಿಗೆ ಹೊರಹೋಗಲು ದಾರಿ ಸಿಗದಿದ್ದರೆ? ಜಾಕೆಟ್ಟಿನ ತಣ್ಣನೆಯ ಒಳಮೈ ತಾಗಿ ಮತ್ತೆ ನೀರಾಗುತ್ತದೆ, ಒಳಗಿನ ಥರ್ಮಲನ್ನೂ ಸ್ವೆಟರನ್ನೂ ತೋಯಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ದಾಟಿಸುತ್ತದೆ. ಉತ್ತರಾಖಂಡದ ಕೇದಾರಕಂಠದಂಥ, ಸುಮಾರು 12,500 ಅಡಿಯ ಶಿಖರಕ್ಕೆ ಹೊರಡುವವರು ನಡುರಾತ್ರಿ ಕಳೆದ ಮೇಲೆ ಟೆಂಟಿನಿಂದ ಹೊರಬರುತ್ತಾರೆ. ಆ ಹೊತ್ತಿನ ಚಳಿಗೆ ಹೆದರಿ ಇದ್ದಬದ್ದ ಬಟ್ಟೆಗಳ ಮೇಲೆ ಗಾಳಿ ಹೊಗದ ಜಾಕೆಟ್ ಏರಿಸಿ, ಕತ್ತಿನ ತನಕ ಜಿಪ್ ಎಳೆದು ನಡೆಯತೊಡಗುತ್ತಾರೆ. ಅರ್ಧ ಗಂಟೆಗೆಲ್ಲ ಬೆನ್ನು ಒದ್ದೆ. ಏರುತ್ತಿರುವಷ್ಟು ಹೊತ್ತು ಅದು ಗೊತ್ತಾಗುವುದೂ ಇಲ್ಲ. ಮೇಲೆ ತಲುಪಿ ಸೂರ್ಯೋದಯಕ್ಕೆಂದು ನಿಂತಾಗ ಒಳಗಿನ ಒಲೆ ಆರುತ್ತದೆ, ಒದ್ದೆ ಬಟ್ಟೆ ಮಾತ್ರ ಹಾಗೆಯೇ ಇರುತ್ತದೆ. ಆಗ ಹಿಡಿಯುವ ನಡುಕಕ್ಕೆ ಬೈಗುಳ ತಿನ್ನುವುದು ಗಾಳಿ.

ಇನ್ನು ಬಟ್ಟೆಯ ವಿಷಯ. ಸಾಫ್ಟ್‌ಶೆಲ್ ಎಂದು ಮಾರುವವುಗಳಲ್ಲಿ ಎರಡು ಕುಲಗಳಿವೆ. ಒಂದರಲ್ಲಿ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಒಂದು ಪೊರೆಯನ್ನು ಅಂಟಿಸಿರುತ್ತಾರೆ. ನಾನ್‌ಸ್ಟಿಕ್ ತವಾಗೆ ಬಳಿಯುವ ಟೆಫ್ಲಾನನ್ನೇ ಚಕ್ಕನೆ ಎಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಹಾಳೆಯಾಗುತ್ತದೆಂದು ಬಾಬ್ ಗೋರ್ 1969ರಲ್ಲಿ ಕಂಡುಕೊಂಡ; ಇಂಥ ಪೊರೆಗಳ ಕಥೆ ಶುರುವಾಗುವುದು ಅಲ್ಲಿಂದ. ಪಾಲಿಯುರೆಥೇನ್ ಪೊರೆಗಳೂ ಇವೆ. ಇನ್ನೊಂದು ಕುಲದಲ್ಲಿ ಪೊರೆಯೇ ಇಲ್ಲ: ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿಗೆ ಎಳೆದರೆ ಹಿಗ್ಗುವ ಎಲಾಸ್ಟೇನ್ ಸೇರಿಸಿ ಒತ್ತೊತ್ತಾಗಿ ನೇಯ್ದಿರುತ್ತಾರೆ, ಅಷ್ಟೆ. ಒಂದು ಚದರಡಿ ಬಟ್ಟೆಯ ಮೂಲಕ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ನುಗ್ಗುತ್ತದೆಂದು ಯಂತ್ರದಲ್ಲಿ ಅಳೆಯುತ್ತಾರೆ. ಅದಕ್ಕೆ ಸಿಎಫ್‌ಎಂ ಎಂದು ಹೆಸರು. ಅಳೆಯುವಾಗ ಒಡ್ಡುವ ಒತ್ತಡ ಸಾಮಾನ್ಯವಾಗಿ 125 ಪಾಸ್ಕಲ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ಗಾಳಿ ನೇರ ಎದೆಗೆ ಬಡಿದಷ್ಟು. ಪೊರೆಯ ಬಟ್ಟೆ ಇದರಲ್ಲಿ ಒಂದಕ್ಕಿಂತ ಕಡಿಮೆ ಅಂಕ ಪಡೆಯುತ್ತದೆ, ಒತ್ತು ನೇಯ್ಗೆಯದು ಕೆಲವೇ ಅಂಕಗಳಿಂದ ಹತ್ತಿಪ್ಪತ್ತರವರೆಗೆ, ಸಾದಾ ಫ್ಲೀಸ್ ಸ್ವೆಟರ್ ಇವೆಲ್ಲಕ್ಕಿಂತ ಎಷ್ಟೋ ಹೆಚ್ಚು. ಪೊರೆಯ ಮೂಲಕವೂ ಬೆವರಿನ ಆವಿ ಹೊರಹೋಗುತ್ತದೆ ಎಂದು ಚೀಟಿ ಹೇಳುವುದು ಸುಳ್ಳಲ್ಲ. ಆದರೆ ಅದು ಒಳಗೆ ತೇವ ಹೆಚ್ಚಿ ಹೊರಗೆ ಕಡಿಮೆಯಿದ್ದಾಗ, ಆ ವ್ಯತ್ಯಾಸವನ್ನೇ ನೆಚ್ಚಿಕೊಂಡು, ನಿಧಾನವಾಗಿ ಜಿನುಗುವ ಕ್ರಿಯೆ. ಅಂದರೆ ಪೊರೆ ಚೆನ್ನಾಗಿ ಕೆಲಸ ಮಾಡಬೇಕಾದರೆ ನೀವು ಮೊದಲು ಒಳಗೆ ಚೆನ್ನಾಗಿ ಬೆಂದಿರಬೇಕು. ನೇಯ್ಗೆಯ ಸಂದಿಯಲ್ಲಿ ನುಸುಳಿ ಹೊರಬರುವ ಗಾಳಿ ಅಷ್ಟು ಹೊತ್ತು ಕಾಯುವುದಿಲ್ಲ, ಆವಿಯನ್ನು ತನ್ನ ಜೊತೆಯಲ್ಲೇ ಎಳೆದುಕೊಂಡು ಹೋಗುತ್ತದೆ. ಇನ್ನೊಂದು ಮಾತು: 12,500 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರನೇ ಎರಡರಷ್ಟು. ಅದೇ ವೇಗದ ಗಾಳಿ ಅಲ್ಲಿ ಬಟ್ಟೆಯನ್ನು ತಳ್ಳುವ ಬಲವೂ ಅಷ್ಟೇ ಕಡಿಮೆ. ಪ್ರಯೋಗಶಾಲೆಯಲ್ಲಿ ಸೋರಿದಷ್ಟು ಬೆಟ್ಟದ ಮೇಲೆ ಸೋರುವುದಿಲ್ಲ.

ಬೆಟ್ಟಗಾಳಿಯಲ್ಲಿ ಮೈಮುರಿದು ದುಡಿದವರು ಇದನ್ನು ಯಂತ್ರವಿಲ್ಲದೆಯೇ ಬಲ್ಲವರಾಗಿದ್ದರು. ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿದ ಗ್ಯಾಬರ್ಡೀನ್ ಎಂಬುದು ನೇಯುವ ಮೊದಲೇ ನೂಲಿಗೆ ನೀರುನಿರೋಧ ಕೊಟ್ಟು, ಆಮೇಲೆ ಒತ್ತಾಗಿ ನೇಯ್ದ ಬಟ್ಟೆ. ಪೊರೆಯಿಲ್ಲ, ರಬ್ಬರಿನ ಲೇಪವಿಲ್ಲ. 1924ರಲ್ಲಿ ಪರ್ವತಾರೋಹಿ ಜಾರ್ಜ್ ಮಲ್ಲೋರಿ ರೇಷ್ಮೆ, ಹತ್ತಿ, ಉಣ್ಣೆಗಳ ತೆಳು ಪದರಗಳ ಮೇಲೆ ಇದನ್ನೇ ತೊಟ್ಟು ಎವರೆಸ್ಟ್ ಏರುತ್ತ ಕಣ್ಮರೆಯಾದ. 1999ರಲ್ಲಿ ಅವನ ದೇಹದೊಂದಿಗೆ ದೊರೆತ ಬಟ್ಟೆಯ ಚೂರುಗಳನ್ನು ನೋಡಿ ಅದೇ ಬಗೆಯ ಉಡುಪು ಹೊಲಿಸಿದರು. 2006ರಲ್ಲಿ ಗ್ರಹಾಂ ಹೊಯ್ಲೆಂಡ್ ಎಂಬ ಪರ್ವತಾರೋಹಿ ಅದನ್ನು ಎವರೆಸ್ಟಿನ ಇಳಿಜಾರಿನಲ್ಲೇ ತೊಟ್ಟು ನೋಡಿದಾಗ ಅದು ಹಗುರವೂ ಬೆಚ್ಚಗೂ ಇದೆಯೆಂದು ಕಂಡುಬಂತು. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಆಷಾಢದ ಗಾಳಿಮಳೆಯಲ್ಲಿ ಸಸಿ ನೆಡುತ್ತಿದ್ದವರ ಬೆನ್ನ ಮೇಲಿನ ಗೊರಬನ್ನು ನೆನೆಯಿರಿ. ಬಿದಿರಿನ ಸೀಳು, ಎಲೆಗಳಿಂದ ಹೆಣೆದ ಅದು ತಲೆಯನ್ನೂ ಬಗ್ಗಿದ ಬೆನ್ನನ್ನೂ ಮುಚ್ಚುತ್ತದೆ. ಎದೆ, ಹೊಟ್ಟೆ, ಕಂಕುಳಗಳನ್ನು ಗಾಳಿಗೆ ಬಿಡುತ್ತದೆ. ಸುತ್ತಲೂ ಮುಚ್ಚುವುದು ಗೊತ್ತಿಲ್ಲದೆ ಹೆಣೆದದ್ದಲ್ಲ. ಬಗ್ಗಿ ದುಡಿಯುವ ಮೈ ಒಳಗಿನಿಂದಲೂ ಒದ್ದೆಯಾಗುತ್ತದೆ ಎಂಬ ತಿಳಿವಳಿಕೆ ಆ ಹೆಣಿಗೆಯಲ್ಲಿದೆ. ಅದೇ ಮನೆಯ ಹಿರಿಯರು ಹೊತ್ತಾರೆ ಜಗಲಿಯಲ್ಲಿ ಕೂರುವಾಗ ಕಂಬಳಿಯನ್ನು ಸುತ್ತಲೂ ಹೊದ್ದುಕೊಳ್ಳುತ್ತಿದ್ದರು. ದುಡಿಯುವ ಮೈಗೊಂದು, ಕೂತ ಮೈಗೊಂದು.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಬೆವರಿದರೆ ಜಿಪ್ ಇಳಿಸಿದರಾಯಿತು, ಕಂಕುಳಲ್ಲೂ ಜಿಪ್ ಇಟ್ಟಿರುತ್ತಾರಲ್ಲ ಎನ್ನಬಹುದು. ಸರಿ, ಆದರೆ ಹೆಚ್ಚು ಬೆವರುವ ಜಾಗ ಬೆನ್ನು; ಅದರ ಮೇಲೆ ಚೀಲ ಕೂತಿರುತ್ತದೆ, ಅಲ್ಲಿ ಯಾವ ಜಿಪ್ಪೂ ಇಲ್ಲ. ಅಲ್ಲದೆ ಸಾಲಿನಲ್ಲಿ ಏದುಸಿರು ಬಿಡುತ್ತ ನಡೆಯುವವನು ಕೈಗವಸು ಕಳಚಿ, ಜಿಪ್ ಹುಡುಕಿ, ಹತ್ತು ನಿಮಿಷಕ್ಕೊಮ್ಮೆ ಏರಿಸಿ ಇಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮನುಷ್ಯ ಸೋಮಾರಿತನದಿಂದ ಒದ್ದೆಯಾಗುವುದೇ ಹೆಚ್ಚು. ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಕಣಿವೆಯಂಚಿನಲ್ಲೋ ಶಿಖರದಲ್ಲೋ ಬಿರುಗಾಳಿ ಎದ್ದರೆ ಈ ಸೋರುವ ಜಾಕೆಟ್ ನಂಬಿ ನಿಲ್ಲಲಾದೀತೇ? ಆಗದು. ಅಂಥ ಹೊತ್ತಿಗೆ ಪೂರ್ತಿ ತಡೆಯೇ ಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಆದರೆ ಆ ತಡೆ ನಿಮ್ಮ ಚೀಲದಲ್ಲಿ ಆಗಲೇ ಇದೆ. ಹಿಮಾಲಯಕ್ಕೆ ಮಳೆಜಾಕೆಟ್ ಇಲ್ಲದೆ ಯಾರೂ ಹೋಗುವುದಿಲ್ಲ, ಹೋಗಲೂ ಬಾರದು. ನೀರು ಬಿಡದ ಬಟ್ಟೆ ಗಾಳಿಯನ್ನೂ ಬಿಡದು. ಅದನ್ನು ಮೇಲೆ ಎಳೆದುಕೊಂಡರೆ ಕೆಲಸ ಮುಗಿಯಿತು. ಪೊರೆಯ ಸಾಫ್ಟ್‌ಶೆಲ್ ದುರ್ಬಲವಾಗುವುದು ಈ ಜಾಗದಲ್ಲೇ. ಗಾಳಿ ತಡೆಯುವುದರಲ್ಲಿ ಅದು ಮಳೆಜಾಕೆಟ್ಟಿನ ಕೆಲಸವನ್ನೇ ಇನ್ನೊಮ್ಮೆ ಮಾಡುತ್ತದೆ. ಮಳೆಗೆ ಬಂದರೆ, ಹೊಲಿಗೆಗಳನ್ನು ಟೇಪಿನಿಂದ ಮುಚ್ಚಿರುವುದು ಅಪರೂಪವಾದ್ದರಿಂದ, ಸೂಜಿ ಹೊಕ್ಕಲ್ಲೆಲ್ಲ ನೀರು ಒಳಬಿಡುತ್ತದೆ. ಮಳೆಜಾಕೆಟ್ ಹೊತ್ತ ಮೇಲೂ ಅದರ ಅರ್ಧ ಗುಣವುಳ್ಳ ಇನ್ನೊಂದನ್ನು ಹೊರುವುದು ಜಾಣತನವಲ್ಲ.

ಹಾಗಾದರೆ ಪೊರೆಯ ಜಾಕೆಟ್ ಯಾರಿಗೂ ಬೇಡವೇ? ಬೇಕು, ಗಾಳಿಯ ಎದುರು ಸುಮ್ಮನೆ ಕೂರುವವರಿಗೆ. ಬೆಂಗಳೂರಿನಿಂದ ಬೈಕಿನಲ್ಲಿ ಲಡಾಖಿಗೆ ಹೋಗುವವನು ಗಂಟೆಗೆ 60 ಕಿಲೋಮೀಟರ್ ಗಾಳಿಯನ್ನು ತಾನೇ ಹುಟ್ಟಿಸಿಕೊಂಡು ಅದಕ್ಕೆ ಎದೆ ಕೊಡುತ್ತಾನೆ, ಅವನ ಸ್ನಾಯುಗಳು ಮಾತ್ರ ಹೆಚ್ಚೇನೂ ದುಡಿಯುವುದಿಲ್ಲ. ಡಿಸೆಂಬರಿನ ನಸುಕಿನಲ್ಲಿ ಬಂಡೀಪುರದ ತೆರೆದ ಜೀಪಿನಲ್ಲಿ ಕೂತವನದೂ, ಬೆಳಗಿನ ಪಾಳಿಗೆ ಸ್ಕೂಟರಿನಲ್ಲಿ ಹೊರಟವಳದೂ ಅದೇ ಕಥೆ. ಇವರ ಬೆವರು ಲೆಕ್ಕಕ್ಕಿಲ್ಲ, ಗಾಳಿಯೊಂದೇ ಲೆಕ್ಕ. ಇವರಿಗೆ ನೂರಕ್ಕೆ ನೂರು ಸರಿ. ಜಾಕೆಟ್ಟನ್ನು ಆರಿಸುವಾಗ ಹೋಗುವ ಊರಿನ ಉಷ್ಣಾಂಶವನ್ನು ಮೊಬೈಲಿನಲ್ಲಿ ನೋಡಿಕೊಳ್ಳುವ ನಾವು, ಅಲ್ಲಿ ಹೋಗಿ ಮಾಡುವ ಕೆಲಸವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಂದೇ ಬೆಟ್ಟ, ಒಂದೇ ಗಾಳಿ, ಒಂದೇ ಉಷ್ಣಾಂಶ. ಮುಳ್ಳಯ್ಯನಗಿರಿಯ ತುದಿಗೆ ನಡೆದು ಹತ್ತಿದವನಿಗೂ ಕಾರಿನಲ್ಲಿ ಬಂದು ಮೆಟ್ಟಿಲ ಬಳಿ ಇಳಿದವನಿಗೂ ಬೇಕಾದ ಉಡುಪು ಬೇರೆಬೇರೆ.

ಮೂರನೆಯ ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ. ಸಾಫ್ಟ್‌ಶೆಲ್ಲೇ ಏಕೆ, ಮುಷ್ಟಿಯಲ್ಲಿ ಹಿಡಿಸುವ ತೆಳು ವಿಂಡ್‌ಚೀಟರ್ ಸಾಲದೇ ಎಂಬುದು ಆ ಆಕ್ಷೇಪ. ನಮ್ಮ ಘಟ್ಟಗಳಿಗೆ ಖಂಡಿತ ಸಾಕು. 1,900 ಮೀಟರಿನ ಆಸುಪಾಸಿನ ಕುದುರೆಮುಖದಲ್ಲಿ ಚಳಿಗಾಲದ ಗಾಳಿಗೆ ಅಷ್ಟೇ ಸಾಕು, ಮಳೆಗಾಲದಲ್ಲಿ ಸಾಫ್ಟ್‌ಶೆಲ್ ನೀರು ಕುಡಿದು ಭಾರವಾಗಿ ಒಣಗಲು ಸತಾಯಿಸುತ್ತದೆ. ಅದರ ಸರಿಯಾದ ಜಾಗ ಒಣಚಳಿ, ಬೀಸುಗಾಳಿ, ಪುಡಿಹಿಮ, ತರಚುವ ಬಂಡೆ, ಗಂಟೆಗಟ್ಟಲೆಯ ಏರು, ಇವೆಲ್ಲ ಕೂಡಿದ ಕಡೆ. ಅಲ್ಲಿ ವಿಂಡ್‌ಚೀಟರ್ ಬಂಡೆಗೆ ಉಜ್ಜಿ ಹರಿಯುತ್ತದೆ. ಸಾಫ್ಟ್‌ಶೆಲ್ ಬಾಳುತ್ತದೆ, ಮೈಯೊಡನೆ ಹಿಗ್ಗುತ್ತದೆ, ತನ್ನದೂ ಒಂದಿಷ್ಟು ಬಿಸುಪು ಕೊಡುತ್ತದೆ. ಬದುಕಿನಲ್ಲಿ ಒಂದೇ ಸಲ ಹಿಮ ನೋಡಿ ಬರುವ ಯೋಚನೆಯಿದ್ದರೆ ಬಾಡಿಗೆಗೆ ತಗೊಳ್ಳುವುದೇ ವಿವೇಕ.

ಕೊಳ್ಳುವುದೇ ಆದರೆ ಅಂಗಡಿಯಲ್ಲಿ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಬಟ್ಟೆಯನ್ನು ತುಟಿಗೆ ಒತ್ತಿ ಊದಿ: ಉಸಿರು ಸಲೀಸಾಗಿ ಆಚೆ ಹೋದರೆ ಅದು ಗಾಳಿಗೆ ಸಾಲದು, ಎಷ್ಟು ಊದಿದರೂ ಹೋಗದಿದ್ದರೆ ಪೊರೆಯಿದೆ, ಕಷ್ಟಪಟ್ಟು ತುಸುವೇ ಹೋದರೆ ನಿಮಗೆ ಬೇಕಾದ್ದು ಸಿಕ್ಕಿದೆ. ಆವಿ ಬಿಡುವ ಸಾಮರ್ಥ್ಯವೆಂದು ಗ್ರಾಂಗಳಲ್ಲಿ ಬರೆದ ದೊಡ್ಡ ಅಂಕಿಗೆ ಮರುಳಾಗಬೇಡಿ. ಅದನ್ನು ಅಳೆಯುವ ವಿಧಾನಗಳು ಹಲವು, ಒಂದರ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಒಳಗೆ ತೆಳು ಫ್ಲೀಸ್ ತೊಟ್ಟೇ ಅಳತೆ ನೋಡಿ. ಎರಡೂ ಕೈ ಎತ್ತಿದಾಗ ಸೊಂಟ ಬಯಲಾಗಬಾರದು. ಜೇಬುಗಳು ಚೀಲದ ಸೊಂಟಪಟ್ಟಿಯ ಕೆಳಗೆ ಸಿಕ್ಕಿಕೊಳ್ಳಬಾರದು. ಹನಿಗಳು ಜಾರಿಹೋಗಲು ಹೊರಮೈಗೆ ಬಳಿಯುವ ಲೇಪದಲ್ಲಿ ಪಿಫಾಸ್ ರಾಸಾಯನಿಕಗಳಿಲ್ಲದ್ದು ಸಿಕ್ಕರೆ ಒಳ್ಳೆಯದು. ಮಣ್ಣಿನಲ್ಲೂ ನೀರಿನಲ್ಲೂ ವಿಘಟನೆಯಾಗದೆ ಉಳಿಯುವ ಇವನ್ನು ಕ್ಯಾಲಿಫೋರ್ನಿಯಾ 2025ರಿಂದ ಸಾಮಾನ್ಯ ಉಡುಪುಗಳಲ್ಲಿ ನಿಷೇಧಿಸಿದೆ. ಮನೆಯಲ್ಲಿ ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಈ ಲೇಪ ಕೆಡುತ್ತದೆ. ಉಳಿದದ್ದು ಬಣ್ಣ, ಬೆಲೆ, ಹೆಸರು. ಅವುಗಳ ವಿಷಯದಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಜಾಕೆಟ್ಟಿನ ಯೋಗ್ಯತೆಯನ್ನು ಅಳೆಯಲು ಚಾರಣ ಮುಗಿದ ಮೇಲೆ ಒಂದೇ ಲೆಕ್ಕ ಸಾಕು: ಹತ್ತುವಾಗ ಅದು ಎಷ್ಟು ಹೊತ್ತು ಮೈಮೇಲಿತ್ತು, ಎಷ್ಟು ಹೊತ್ತು ಚೀಲದಲ್ಲಿತ್ತು. ನೂರಕ್ಕೆ ನೂರು ಗಾಳಿ ತಡೆದು ದಾರಿಯುದ್ದಕ್ಕೂ ಚೀಲದಲ್ಲಿ ಮಡಚಿ ಕೂತದ್ದಕ್ಕಿಂತ, ತೊಂಬತ್ತು ತಡೆದು ಬೆಳಗಿಂದ ಸಂಜೆವರೆಗೆ ಮೈಮೇಲಿದ್ದದ್ದು ಹೆಚ್ಚು ಗಾಳಿಯನ್ನು ತಡೆದಿರುತ್ತದೆ.