ಸೀಮೆಬದನೆಯ ಋಣ

ನಮ್ಮ ತಂದೆಯವರಿಗೆ ಸೀಮೆಬದನೆಕಾಯಿಯ ಕೂಟೆಂದರೆ ಬಹು ಪ್ರೀತಿ. ಕಡೆಯ ದಿನಗಳಲ್ಲಿ ಬೇರಾವ ಪದಾರ್ಥವೂ ಅವರಿಗೆ ಒಗ್ಗದಿದ್ದಾಗ, ತಾಯಿಯವರು ಅದನ್ನೇ ಹೆಸರುಬೇಳೆಯೊಡನೆ ಮೆತ್ತಗೆ ಬೇಯಿಸಿ ಬಡಿಸುತ್ತಿದ್ದರು. ಆದರೆ ಅವರ ಶ್ರಾದ್ಧದ ದಿನ ಆ ಕಾಯಿಗೆ ನಮ್ಮ ಅಡಿಗೆಮನೆಯಲ್ಲಿ ಪ್ರವೇಶವಿಲ್ಲ. “ಅದು ಸೀಮೆಯ ತರಕಾರಿ, ಪಿತೃಕಾರ್ಯಕ್ಕೆ ಸಲ್ಲದು” ಎಂಬುದು ತಾಯಿಯವರ ನಿರ್ಣಯ.

ಈ ಮಾತಿನಿಂದಲೇ ಆ ಕಾಯಿಯ ವೃತ್ತಾಂತವನ್ನು ತಿಳಿಯಬೇಕೆಂಬ ಆಸೆ ನಮಗೆ ಹುಟ್ಟಿತು. ಅದರ ತವರು ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳು. ಹೆಸರಿನಲ್ಲಿ ಬದನೆಯಿದ್ದರೂ ಅದು ಬದನೆಯ ಕುಲದ್ದಲ್ಲ. ಸೌತೆ, ಕುಂಬಳ, ಹೀರೆಗಳ ದಾಯಾದಿ. ಅದನ್ನು ಬೆಂಗಳೂರಿಗೆ ತಂದ ಕೀರ್ತಿ ಜಾನ್ ಕ್ಯಾಮರನ್ ಎಂಬ ತೋಟಗಾರಿಕೆಯ ಪಂಡಿತರಿಗೆ ಸಲ್ಲುತ್ತದೆ. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ಇವರು 1874ರಿಂದ 1908ರ ವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದರು. ಹೊರನಾಡುಗಳ ಉಪಯುಕ್ತ ಸಸ್ಯಗಳನ್ನು ತರಿಸಿ, ಅವು ಇಲ್ಲಿಯ ಮಣ್ಣಿಗೂ ಹವೆಗೂ ಒಗ್ಗುವುವೋ ಇಲ್ಲವೋ ಎಂದು ಪರೀಕ್ಷಿಸುವುದೇ ಅವರ ಕಾಯಕವಾಗಿತ್ತು. ಸೀಮೆಬದನೆಯು ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ತಮಿಳರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎಂದೇ ಕರೆಯುತ್ತಾರೆ.

ಈ ಕಾಯಿಯಲ್ಲಿ 100ಕ್ಕೆ 90ಕ್ಕೂ ಮಿಕ್ಕು ಪಾಲು ನೀರು. ಪಿಷ್ಟವೂ ಕೊಬ್ಬೂ ಅತ್ಯಲ್ಪ. ಫೋಲೇಟ್ ಮತ್ತು ಸಿ ಜೀವಸತ್ವಗಳು ಇದರಲ್ಲುಂಟು. ಕಾಯಿಯಲ್ಲದೆ ಚಿಗುರು ಮತ್ತು ಗೆಡ್ಡೆಗಳೂ ಆಹಾರಕ್ಕೆ ಒದಗುವುವು. ಇದರ ಒಂದು ವಿಶೇಷವನ್ನು ಗೃಹಿಣಿಯರು ಕಂಡೇ ಇರುತ್ತಾರೆ: ಕಾಯಿಗೆ ಒಂದೇ ಬೀಜ, ಅದೂ ಒಡಲೊಳಗೇ ಮೊಳೆಯುತ್ತದೆ. ಬೀಜವನ್ನು ಬೇರ್ಪಡಿಸಿ ಒಣಗಿಸಿಟ್ಟರೆ ಕೆಟ್ಟುಹೋಗುವುದರಿಂದ, ಇಡಿಯ ಕಾಯನ್ನೇ ನೆಡಬೇಕು. ಹಾಗೆ ನೆಟ್ಟಾಗ ತಾಯಿಕಾಯಿಯ ತಿರುಳೇ ಎಳೆಯ ಸಸಿಯನ್ನು ಪೋಷಿಸುತ್ತದೆ.

ಒಮ್ಮೆ ತರಕಾರಿಯ ಬುಟ್ಟಿಯಲ್ಲಿ ಹೀಗೆ ಮೊಳೆತ ಕಾಯೊಂದನ್ನು ನಾವು ಎಸೆಯಹೊರಟಾಗ, ತಾಯಿಯವರೇ ತಡೆದು ಹಿತ್ತಿಲಿನಲ್ಲಿ ನೆಡಿಸಿದರು. ಬಳ್ಳಿಯು ಚಪ್ಪರವನ್ನೆಲ್ಲ ಆವರಿಸಿ, ಕೈತುಂಬ ಕಾಯಿ ಕೊಟ್ಟಿತು. ಆ ವರ್ಷದ ಶ್ರಾದ್ಧದಲ್ಲಿಯೂ ಎಂದಿನಂತೆ ಬಾಳೆಕಾಯಿ, ಹಾಗಲಕಾಯಿಗಳೇ ಬೆಂದವು. ಶಾಸ್ತ್ರಕ್ಕೆ ಎಳ್ಳಷ್ಟೂ ಲೋಪ ಬರಲಿಲ್ಲ.

ಮರುದಿನ ಬೆಳಗ್ಗೆ ತಾಯಿಯವರು ಯಾರೂ ಹೇಳದೆಯೇ ಚಪ್ಪರದಿಂದ ಎರಡು ಎಳೆಯ ಕಾಯಿಗಳನ್ನು ಕೊಯ್ದು, ಹೆಸರುಬೇಳೆ ಹಾಕಿ ಕೂಟು ಮಾಡಿದರು. ಮೊದಲ ಸೌಟನ್ನು ನಮ್ಮ ಎಲೆಗೆ ಬಡಿಸಿ, “ಅವರಿಗೆ ಬಲು ಇಷ್ಟವಾಗಿತ್ತು” ಎಂದರು. ಹೆಚ್ಚಿನ ಮಾತು ಯಾರಿಗೂ ಬೇಕಾಗಲಿಲ್ಲ.