ಎಷ್ಟಿವೆ ಎಂದು ಯಾರನ್ನು ಕೇಳುವುದು?

ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಓದುವಾಗ ನಾವಿಬ್ಬರೂ ಕಲಿತದ್ದು ಸಿ ಭಾಷೆ. ಇಲ್ಲಿ ನಮ್ಮ ಮಗಳು ಕಲಿಯುತ್ತಿರುವುದು ಪೈಥಾನ್. ಅದು ಹುಟ್ಟಿದ್ದೂ ಇದೇ ನೆದರ್ಲೆಂಡ್ಸ್‌ನಲ್ಲಿ: ಆಮ್‌ಸ್ಟರ್‌ಡ್ಯಾಮಿನ ಸಿ.ಡಬ್ಲ್ಯು.ಐ. ಸಂಶೋಧನಾ ಸಂಸ್ಥೆಯಲ್ಲಿದ್ದ ಗೀಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯತೊಡಗಿ, 1991ರಲ್ಲಿ ಹೊರತಂದರು.

ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂದು ತಿಳಿಯಲು ಮಗಳು ‘ಲೆನ್’ ಎಂದು ಬರೆಯುತ್ತಾಳೆ, ಉತ್ತರ ಬಂದುಬಿಡುತ್ತದೆ. ಸಿ ಭಾಷೆಯಲ್ಲಿ ಅಷ್ಟು ಸಲೀಸಲ್ಲ ಎಂದಾಗ, “ಅಮ್ಮಾ, ಕಂಪ್ಯೂಟರಿಗೇ ಎಣಿಸೋಕೆ ಬರಲ್ವಾ?” ಎಂದಳು.

ಸಿ ಭಾಷೆಯಲ್ಲಿ ‘ಮ್ಯಾಲಕ್’ ಮೂಲಕ ಅರೇಗೆ ಜಾಗ ಕೇಳಿದರೆ ಕೈಗೆ ಸಿಗುವುದು ಮೊದಲ ಮನೆಯ ವಿಳಾಸ ಮಾತ್ರ. ಬೀದಿಯಲ್ಲಿ ಎಷ್ಟು ಮನೆಗಳಿವೆ ಎಂದು ವಿಳಾಸ ಹೇಳೀತೇ? ಆ ವಿಳಾಸಕ್ಕೆ ‘ಸೈಜ್‌ಆಫ್’ ಹಾಕಿದರೆ ಇಂದಿನ 64 ಬಿಟ್ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ 8 ಎಂದು ಬರುತ್ತದೆ. ಹತ್ತು ಅಂಕಿ ಇರಲಿ, ಹತ್ತು ಲಕ್ಷ ಇರಲಿ, ಅದೇ 8. ಅದು ವಿಳಾಸವನ್ನು ಬರೆದಿಡಲು ಬೇಕಾದ ಬೈಟ್‌ಗಳ ಲೆಕ್ಕವೇ ಹೊರತು ಅರೇಯ ಲೆಕ್ಕವಲ್ಲ. ಎಷ್ಟು ಕೇಳಿದೆವು ಎಂಬುದನ್ನು ಕೇಳಿದವರೇ ಬರೆದಿಟ್ಟುಕೊಳ್ಳಬೇಕು.

ಪೈಥಾನ್ ಮಾಡುವುದೂ ಇದನ್ನೇ, ನಮ್ಮ ಕಣ್ಣಿಗೆ ಬೀಳದಂತೆ. (ನಾವೆಲ್ಲ ಬಳಸುವ ಪೈಥಾನನ್ನು ಬರೆದಿರುವುದು ಸಿ ಭಾಷೆಯಲ್ಲೇ ಎಂಬುದು ನಮ್ಮಂಥ ಹಳಬರಿಗೆ ಸಮಾಧಾನ!) ಪ್ರತಿಯೊಂದು ಲಿಸ್ಟೂ ಎರಡು ಅಂಕಿಗಳನ್ನು ಜೊತೆಗಿಟ್ಟುಕೊಂಡಿರುತ್ತದೆ: ಒಳಗೆ ಎಷ್ಟಿವೆ, ಎಷ್ಟಕ್ಕೆ ಜಾಗವಿದೆ. ಯುಟ್ರೆಕ್ಟ್ ರೈಲು ನಿಲ್ದಾಣದ ಸೈಕಲ್ ಸ್ಟ್ಯಾಂಡನ್ನು ನೋಡಿದ್ದೀರಲ್ಲ? ಸುಮಾರು 12,500 ಸೈಕಲ್‌ಗೆ ಜಾಗವಿದೆ. ಅಷ್ಟೂ ಸೈಕಲ್ ಸದಾ ಇರುತ್ತವೆ ಎಂದೇನಲ್ಲ. ‘ಲೆನ್’ ಹೇಳುವುದು ಇರುವ ಸೈಕಲ್‌ಗಳ ಲೆಕ್ಕ, ಅದೂ ಬರೆದಿಟ್ಟದ್ದನ್ನು ಓದಿ. ಪ್ರತಿಸಲ ಎಣಿಸಿ ಅಲ್ಲ. ಜಾಗ ತುಂಬಿದಾಗ ಲಿಸ್ಟು ಇನ್ನೊಂದಕ್ಕೆ ಮಾತ್ರವಲ್ಲ, ಮುಂದೆ ಬರುವವಕ್ಕೂ ಸೇರಿಸಿ ಜಾಗ ಹಿಡಿಯುತ್ತದೆ. ಮಕ್ಕಳೇ, ಖಾಲಿ ಲಿಸ್ಟಿಗೆ ಒಂದೊಂದೇ ಸೇರಿಸುತ್ತಾ ‘ಲೆನ್’ ಮತ್ತು ‘ಗೆಟ್‌ಸೈಜ್‌ಆಫ್’ ಎರಡನ್ನೂ ಮುದ್ರಿಸಿ ನೋಡಿ. ಮೊದಲನೆಯದು ಒಂದೊಂದಾಗಿ ಏರುತ್ತದೆ, ಎರಡನೆಯದು ಆಗೊಮ್ಮೆ ಈಗೊಮ್ಮೆ ಜಿಗಿಯುತ್ತದೆ.

ಇಷ್ಟಕ್ಕೆ ಇಷ್ಟು ಮಾತೇಕೆ ಎನ್ನುವ ಪೋಷಕರಿಗೆ 2014ರ ‘ಹಾರ್ಟ್‌ಬ್ಲೀಡ್’ ನೆನಪಿರಬಹುದು. ಜಗತ್ತಿನ ಅಸಂಖ್ಯ ಜಾಲತಾಣಗಳು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶ, ಎದುರಿನವರು ಕಳಿಸಿದ ಸಂದೇಶದ ಉದ್ದವನ್ನು ಅವರು ಹೇಳಿದಂತೆಯೇ ನಂಬುತ್ತಿತ್ತು. ನಾಲ್ಕಕ್ಷರ ಕಳಿಸಿ ಅರವತ್ತು ಸಾವಿರ ಎಂದರೆ, ನಾಲ್ಕಕ್ಷರದ ಜೊತೆಗೆ ನೆನಪಿನಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ತೆಗೆದುಕೊಡುತ್ತಿತ್ತು. ಅದರಲ್ಲಿ ಇನ್ಯಾರದೋ ಪಾಸ್‌ವರ್ಡೂ ಇರಬಹುದಿತ್ತು. ತಿದ್ದುಪಡಿಯೇನೂ ದೊಡ್ಡದಲ್ಲ: ಹೇಳಿದ ಉದ್ದ ಬಂದ ಉದ್ದಕ್ಕಿಂತ ಹೆಚ್ಚಿದ್ದರೆ ಸಂದೇಶವನ್ನು ಬಿಸಾಡಿಬಿಡುವ ಕೆಲವೇ ಸಾಲುಗಳು.