ಅಡ್ಡ ಬಾಟಲಿ

ನಮ್ಮ ಬಳಗದ ತಿಂಗಳ ಸಭೆ ಬಹಳ ವರ್ಷಗಳಿಂದ ಕೊನೆಯ ಶನಿವಾರ ಸಂಜೆ ಆರೂವರೆಗೆ ನಡೆಯುತ್ತಿತ್ತು. ಕಳೆದ ವರ್ಷ ಅದನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿದೆವು. ನಡಾವಳಿ ಪುಸ್ತಕದಲ್ಲಿ ‘ಸದಸ್ಯರ ಅನುಕೂಲಕ್ಕಾಗಿ’ ಎಂದು ಬರೆದೆವು. ಬರೆಯದೆ ಬಿಟ್ಟದ್ದನ್ನು ಈಗ ಹೇಳಿಕೊಳ್ಳಬೇಕಾಗಿದೆ.

ಠಾಣೆಯಾಚೆಯ ಈ ಉಪನಗರದಲ್ಲಿ ಸಭಾಗೃಹದಿಂದ ಲೋಕಲ್ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ. ನಡುವೆ ಒಂದು ವೈನ್ ಶಾಪ್. ಅಂಗಡಿಯವರು ಸೀಲ್ ಒಡೆಯದ ಬಾಟಲಿಗಳನ್ನಷ್ಟೇ ಮಾರುತ್ತಾರೆ. ಅಲ್ಲಿ ಕುಳಿತು ಕುಡಿಯುವಂತಿಲ್ಲ. ಆದರೆ ಪಕ್ಕದಲ್ಲೇ ಅಂಡಾ ಭುರ್ಜಿಯ ಗಾಡಿಗಳಿವೆ, ಪ್ಲಾಸ್ಟಿಕ್ ಲೋಟಗಳಿವೆ, ಸಾಲಾಗಿ ನಿಂತ ರಿಕ್ಷಾಗಳ ಮರೆಯಿದೆ. ಎಂಟು ಗಂಟೆ ದಾಟಿತೆಂದರೆ ಫುಟ್‌ಪಾತ್ ಅವರದು. ಉಳಿದವರು ವಾಹನಗಳ ನಡುವೆ ರಸ್ತೆಗಿಳಿದು ನಡೆಯಬೇಕು.

ಒಂದು ರಾತ್ರಿ ಅಲ್ಲಿ ತೂರಾಡುತ್ತಿದ್ದವನೊಬ್ಬ ನಮ್ಮ ಹಿರಿಯ ಸದಸ್ಯೆಯೊಬ್ಬರ ಕೈಚೀಲ ಹಿಡಿದುಕೊಂಡು ಬಾಯಿಗೆ ಬಂದಂತೆ ಬೈದ. ಅವನ ಜೊತೆಯವರು ನಕ್ಕರು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅವರನ್ನು ನಾವೆಲ್ಲ ‘ಟೀಚರ್’ ಎಂದೇ ಕರೆಯುತ್ತೇವೆ. ಗಾಯವಾಗಲಿಲ್ಲ, ಏನೂ ಕಳವಾಗಲಿಲ್ಲ. ಆದ್ದರಿಂದ ದೂರು ಕೊಡುವಂಥದ್ದೇನೂ ನಡೆದಿಲ್ಲವೆಂದು ನಾವೇ ತೀರ್ಮಾನಿಸಿದೆವು. ಮರುತಿಂಗಳು ಟೀಚರ್ ಮೊಣಕಾಲು ನೋವೆಂದರು. ಅದರ ಮರುತಿಂಗಳು ಇನ್ನಿಬ್ಬರು ಮಹಿಳೆಯರ ಮನೆಗೆ ನೆಂಟರು ಬಂದರು. ನಾವು ಕಾರಣ ಕೇಳಲಿಲ್ಲ, ಸಮಯ ಬದಲಿಸಿದೆವು. ಆಗ ಶನಿವಾರವೂ ಕೆಲಸವಿರುವ ಇಬ್ಬರು ತರುಣ ಕತೆಗಾರರು ತಪ್ಪಿಹೋದರು. ಅಂದು ಕುಡಿದಿದ್ದವನಿಗೆ ಇವರ ಮುಖಪರಿಚಯವೂ ಇಲ್ಲ.

ಕುಡಿತದ ಕೇಡನ್ನು ನಾವು ಕುಡುಕನ ಯಕೃತ್ತಿನಲ್ಲಿ, ಅವನ ಹೆಂಡತಿಯ ಕಣ್ಣೀರಿನಲ್ಲಿ, ಹೆಚ್ಚೆಂದರೆ ಅಪಘಾತದಲ್ಲಿ ಕಾಣಲು ಕಲಿತಿದ್ದೇವೆ. ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರವಿದ್ದರೆ ಅಪರಾಧವೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ದಾರಿ ಬದಲಿಸಿದವರ, ಬೇಗನೆ ಮನೆ ಸೇರಿದವರ, ಹೊರಗೆ ಬರುವುದನ್ನೇ ಬಿಟ್ಟವರ ಲೆಕ್ಕ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ನಮ್ಮ ಬಳಗದಲ್ಲೂ ಗುಂಡು ಹಾಕುವವರು ಇಲ್ಲದಿಲ್ಲ. ಇದು ಮಡಿವಂತಿಕೆಯ ಮಾತಲ್ಲ. ಒಬ್ಬನ ಸಂಜೆ ಇನ್ನೊಬ್ಬರ ಸಂಜೆಯನ್ನು ಕಸಿಯಬಹುದೇ ಎಂಬುದಷ್ಟೇ ಪ್ರಶ್ನೆ.

ಮಹಾರಾಷ್ಟ್ರದಲ್ಲಿ ಇದಕ್ಕೊಂದು ಮತದಾನವೇ ಇದೆ. 2008ರ ಆದೇಶದಂತೆ, ಒಂದು ಹಳ್ಳಿಯ ಅಥವಾ ವಾರ್ಡಿನ ಮಹಿಳಾ ಮತದಾರರಲ್ಲಿ ಶೇಕಡಾ 25ರಷ್ಟು ಮಂದಿ ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬಹುದಾಯಿತು. ಮತಪತ್ರದಲ್ಲಿ ಎರಡು ಚಿತ್ರ: ‘ಉಭೀ ಬಾಟಲಿ’, ‘ಆಡವೀ ಬಾಟಲಿ’. ನೆಟ್ಟಗೆ ನಿಂತದ್ದಕ್ಕೆ ಮತ ಹಾಕಿದರೆ ಅಂಗಡಿ ಇರಲಿ ಎಂದರ್ಥ, ಅಡ್ಡ ಬಿದ್ದದ್ದಕ್ಕೆ ಹಾಕಿದರೆ ಬೇಡವೆಂದರ್ಥ. ಅಂಗಡಿ ಮುಚ್ಚಬೇಕಾದರೆ ಬಂದವರಲ್ಲಿ ಬಹುಮತ ಸಾಲದು. ಪಟ್ಟಿಯಲ್ಲಿರುವ ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಮತ ಹಾಕಬೇಕೆಂಬುದು ಆ ಆದೇಶದ ನಿಯಮ. ಅಂದರೆ ಮನೆಯಲ್ಲೇ ಉಳಿದವಳ ಮತವೂ ನಿಂತ ಬಾಟಲಿಗೇ ಸೇರಿದಂತೆ.

ಈ ನಿಯಮವನ್ನು ಓದಿದಾಗ ನಮ್ಮ ನಡಾವಳಿ ಪುಸ್ತಕ ನೆನಪಾಯಿತು. ಟೀಚರ್ ಮನೆಯಲ್ಲಿ ಉಳಿದರು. ನಾವು ಸಮಯ ಬದಲಿಸಿ ಅದಕ್ಕೆ ಮೊಹರು ಹಾಕಿದೆವು.

ಕಳೆದ ತಿಂಗಳು ನಾಲ್ಕೈದು ಜನ ಅವರ ಮನೆಗೆ ಹೋದೆವು. ಚಹಾ ಕೊಟ್ಟು ಅವರು ಹೇಳಿದರು: “ಮೊಣಕಾಲು ಚೆನ್ನಾಗಿಯೇ ಇದೆ ಕಣ್ರಪ್ಪಾ. ಆ ರಾತ್ರಿ ನೀವೆಲ್ಲ ಹಿಂದೆಯೇ ಬರುತ್ತಿದ್ದಿರಲ್ಲ?”

ನಾವು ಹಿಂದೆಯೇ ಇದ್ದೆವು. ಹತ್ತು ಹೆಜ್ಜೆ ದೂರದಲ್ಲಿ ಕಾವ್ಯದ ಚರ್ಚೆಯಲ್ಲಿದ್ದೆವು. ನಮ್ಮ ಬಳಿ ಉತ್ತರವಿರಲಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು ತಡೆಯಬೇಕೆಂದು ಪೊಲೀಸ್ ಠಾಣೆಗೂ, ದೀಪಗಳನ್ನು ಹಾಕಿಸಬೇಕೆಂದು ನಗರಪಾಲಿಕೆಗೂ ಅರ್ಜಿ ಬರೆದಿದ್ದೇವೆ. ಮೊದಲ ಸಹಿ ಟೀಚರದ್ದು. ಬರುವ ಸಭೆ ಮತ್ತೆ ಸಂಜೆ ಆರೂವರೆಗೆ. ಮುಗಿದ ಮೇಲೆ ಎಲ್ಲರೂ ಜೊತೆಯಾಗಿಯೇ ಸ್ಟೇಷನ್ನಿಗೆ ನಡೆಯುವುದೆಂದು ಈ ಬಾರಿ ನಡಾವಳಿಯಲ್ಲಿ ಕಾರಣಸಹಿತ ಬರೆದಿದ್ದೇವೆ.